ಹೊರಗಿನಿಂದ ಬಂದ ಕಾಂಡ್ಲಾ ಮರ ಯಾಕಿಷ್ಟು ಬೇಗ ಬೆಳೆಯುತ್ತದೆ? ಎಲೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬಗ್ಗೆ ಎಲ್ಲೇ ಮಾತು ಶುರುವಾದರೂ ಚೀನಾದ ವಿಷಯ ಬಂದೇ ಬರುತ್ತದೆ. ಸುಂದರಬನದ ಒಂದು ಮರವನ್ನು ಅಲ್ಲಿಗೆ ಒಯ್ದು ನೆಟ್ಟರು, ಅದು ಅಲ್ಲಿನ ಮರಗಳನ್ನೆಲ್ಲ ಹಿಂದೆ ಹಾಕಿತು ಎಂದು ಕೇಳಿದವರು "ಅದು ಹೇಗೆ?" ಎನ್ನುತ್ತಾರೆ. ಉತ್ತರದ ದೊಡ್ಡ ಪಾಲು ಎಲೆಯಲ್ಲಿದೆ. ಎಲೆಯಲ್ಲಿ ಇಲ್ಲದ ಪಾಲೂ ಇದೆ, ಅದನ್ನು ಜನ ಮರೆಯುವುದೇ ಜಾಸ್ತಿ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಬೇಕಾದ ಒಂದನ್ನೇ ಓದಿದರೂ ಅರ್ಥವಾಗುತ್ತದೆ.

## ಶುರುವಿನ ಪ್ರಶ್ನೆಗಳು

ಕಾಂಡ್ಲಾ ಅಂದ್ರೆ ಒಂದೇ ಮರ ಅಲ್ವಾ?

ಅಲ್ಲ. ಉಬ್ಬರ ಬಂದಾಗ ಉಪ್ಪುನೀರಲ್ಲಿ ಮುಳುಗಿ, ಇಳಿತದಲ್ಲಿ ಕೆಸರಲ್ಲಿ ನಿಂತು ಬದುಕುವ ಮರಗಳಿಗೆಲ್ಲ ಸೇರಿಸಿ ಹೇಳುವ ಹೆಸರು ಅದು. ಜಗತ್ತಿನಲ್ಲಿ ಸುಮಾರು 70 ಜಾತಿ ಇವೆ. ಅವೆಲ್ಲ ಒಂದೇ ಕುಟುಂಬದವೂ ಅಲ್ಲ. ಒಂದೇ ಕಷ್ಟಕ್ಕೆ ಬೇರೆ ಬೇರೆ ಕುಲದ ಮರಗಳು ತಮ್ಮ ತಮ್ಮ ದಾರಿ ಕಂಡುಕೊಂಡಿವೆ, ಅಷ್ಟೆ.

ನಮ್ಮ ಕಾಳಿ, ಅಘನಾಶಿನಿ, ಶರಾವತಿ ಹೊಳೆಗಳ ಬಾಯಲ್ಲಿ, ಕುಂದಾಪುರದ ಹಿನ್ನೀರಲ್ಲಿ ನೋಡಿ. ಕಾಲು ಊರಿದ ಹಾಗೆ ಬೇರು ಬಿಟ್ಟ ರೈಜೊಫೊರ, ಕೆಸರಿಂದ ಪೆನ್ಸಿಲ್ ಥರ ಬೇರು ಎಬ್ಬಿಸುವ ಅವಿಸೆನಿಯ, ದುಂಡೆಲೆಯ ಸೊನರೇಷಿಯ ಆಲ್ಬ, ಉದ್ದ ಕೋಡಿನ (ಮರದಲ್ಲೇ ಮೊಳೆತು ನೇತಾಡುವ ಸಸಿಯ) ಕಾಂಡೇಲಿಯ ಎಲ್ಲ ಸಿಗುತ್ತವೆ. ಅರಣ್ಯ ಸಮೀಕ್ಷೆಯ 2021ರ ವರದಿ ಪ್ರಕಾರ ಕರ್ನಾಟಕದ ಕಾಂಡ್ಲಾ ಕಾಡು 13 ಚದರ ಕಿಲೋಮೀಟರ್, ಇಡೀ ದೇಶದ್ದು 4,992.

"ಹೊರಗಿನ ಕಾಂಡ್ಲಾ" ಅಂತ ಯಾವುದಕ್ಕೆ ಹೇಳ್ತೀರಿ? ಎಲ್ಲಿಂದ ಎಲ್ಲಿಗೆ ಹೋಯ್ತು?

ಒಂದು ಕರಾವಳಿಯಲ್ಲಿ ತಾನಾಗಿ ಹುಟ್ಟದೆ, ಮನುಷ್ಯರು ತಂದು ನೆಟ್ಟ ಜಾತಿಗೆ. ಚೀನಾದ ಮಟ್ಟಿಗೆ ಎರಡು ಮುಖ್ಯ.

ಮೊದಲನೆಯದು ಸೊನರೇಷಿಯ ಅಪೆಟಾಲ. ಬಂಗಾಳದಲ್ಲಿ ಅದಕ್ಕೆ ಕೇಓಡಾ ಅನ್ನುತ್ತಾರೆ. ಕೇದಗೆ ಹೂವಿನ ಕೇವಡಾ ಬೇರೆ, ಗೊಂದಲ ಬೇಡ. 1985ರಲ್ಲಿ ಬಾಂಗ್ಲಾದೇಶದ ಸುಂದರಬನದಿಂದ ಇದರ ಬೀಜ ಹೈನಾನ್ ದ್ವೀಪದ ಡೊಂಗ್‌ಝೈಗಾಂಗ್‌ಗೆ ಹೋಯಿತು. ಅದು 1980ರಲ್ಲಿ ಶುರುವಾದ ಚೀನಾದ ಮೊದಲ ಕಾಂಡ್ಲಾ ರಕ್ಷಿತಾರಣ್ಯ. 1993ರ ಹೊತ್ತಿಗೆ ಮರ ಗುವಾಂಗ್‌ಡೊಂಗ್ ಪ್ರಾಂತ್ಯದ ಕರಾವಳಿ ಹತ್ತಿತು. ಎರಡನೆಯದು ಲಗುಂಕುಲೇರಿಯ ರೆಸಿಮೋಸ. 1999ರಲ್ಲಿ ಮೆಕ್ಸಿಕೋದ ಲಾ ಪಾಜ್‌ನಿಂದ ಅದೇ ಡೊಂಗ್‌ಝೈಗಾಂಗ್‌ಗೆ ಬಂತು. ಅಮೆರಿಕ ಖಂಡ ಮತ್ತು ಪಶ್ಚಿಮ ಆಫ್ರಿಕಾ ಅದರ ತವರು.

ಚೀನಾದವರಿಗೆ ಅವರದೇ ಮರಗಳು ಇರ್ಲಿಲ್ವಾ? ಯಾಕೆ ತಂದ್ರು?

ಇದ್ದವು. ಕಾಂಡೇಲಿಯ ಒಬೊವಾಟ, ಬ್ರುಗೀರ, ಈಜಿಸೆರಾಸ್, ಅವಿಸೆನಿಯ ಮರೀನ, ರೈಜೊಫೊರ ಸ್ಟೈಲೋಸ, ಎಲ್ಲ ಅಲ್ಲಿಯವೇ. ಆದರೆ ಹೊಲ ಮಾಡಲು, ಸೀಗಡಿ ಕೆರೆ ತೋಡಲು, ಊರು ಬೆಳೆಸಲು ಕಾಡು ಕಡಿದರು. 2000ದ ಹೊತ್ತಿಗೆ ಉಳಿದದ್ದು ಸುಮಾರು 22,000 ಹೆಕ್ಟೇರ್. ಮತ್ತೆ ನೆಡಬೇಕು ಅಂದಾಗ ಸ್ಥಳೀಯ ಸಸಿಗಳು ನಿಧಾನ. ಬಯಲು ಕೆಸರಲ್ಲಿ ಅಲೆಗೆ ಎಷ್ಟೋ ಕೊಚ್ಚಿ ಹೋಗುತ್ತಿದ್ದವು. ಬೇಗ ತಲೆ ಎತ್ತುವ ಮರ ಬೇಕಿತ್ತು.

ಜೊತೆಗೆ ಸ್ಪಾರ್ಟಿನ ಹುಲ್ಲಿನ ಕಾಟ. ದಡ ಕಾಯಲಿ ಅಂತ 1979ರಲ್ಲಿ ಅಮೆರಿಕದಿಂದ ತಂದ ಹುಲ್ಲು ಅದು. ಆಮೇಲೆ ಕರಾವಳಿಯನ್ನೇ ಮುಚ್ಚತೊಡಗಿತು. ಝುಹಾಯ್ ಬಳಿಯ ಚಿಆವ್ ದ್ವೀಪದಲ್ಲಿ 1999ರಿಂದ ಕೇಓಡಾ ನೆಟ್ಟು ನೆರಳಿನಿಂದಲೇ ಆ ಹುಲ್ಲನ್ನು ಹಿಮ್ಮೆಟ್ಟಿಸಿದರು. ಒಂದು ಹೊರಗಿನದನ್ನು ಅಡಗಿಸಲು ಇನ್ನೊಂದು ಹೊರಗಿನದು!

ನಿಜಕ್ಕೂ ಅಷ್ಟು ಬೇಗ ಬೆಳೆಯುತ್ತಾ, ಸುಮ್ನೆ ಹೇಳೋದಾ?

ನಿಜ. ಒಳ್ಳೆ ಜಾಗ ಸಿಕ್ಕಿದರೆ ಕೇಓಡಾ ಹತ್ತು ವರ್ಷದೊಳಗೆ 10 ಮೀಟರ್ ಎತ್ತರ ಮುಟ್ಟುತ್ತದೆ. ಪಕ್ಕದಲ್ಲೇ ನೆಟ್ಟ ಕಾಂಡೇಲಿಯ ಅಷ್ಟರಲ್ಲಿ ಆಳೆತ್ತರ ದಾಟಿ ಸ್ವಲ್ಪ ಮೇಲೇರಿರುತ್ತದೆ. ಕೇಓಡಾ ಮೂರನೇ ವರ್ಷಕ್ಕೇ ಕಾಯಿ ಬಿಡಲು ಶುರು ಮಾಡುತ್ತದೆ. ಒಂದೊಂದು ಕಾಯಲ್ಲಿ ಹತ್ತಾರು ಸಣ್ಣ ಬೀಜ.

## ಎಲೆಯನ್ನು ಹತ್ತಿರದಿಂದ

ಬೇರು, ಕಾಂಡ ಎಲ್ಲ ಬಿಟ್ಟು ಎಲೆಯನ್ನೇ ಯಾಕೆ ಹಿಡ್ಕೊಂಡಿದೀರಿ?

ಮರದ ದುಡಿಮೆ ಎಲ್ಲ ಅಲ್ಲೇ ನಡೆಯುವುದು. ಎಲೆ ಮಾಡಲು ಮರ ಸಕ್ಕರೆ, ಸಾರಜನಕ, ನೀರು ಹಾಕುತ್ತದೆ. ಎಲೆ ಬದುಕಿರುವಷ್ಟು ದಿನ ಅದನ್ನು ಬಿಸಿಲಿನಿಂದ ತೀರಿಸಿ, ಮೇಲೆ ಲಾಭ ಕೊಡಬೇಕು. ಲಾಭದಿಂದ ಹೊಸ ಎಲೆ, ಬೇರು, ಕಾಂಡ.

ತರಕಾರಿ ಸಂತೆಯವನನ್ನೂ ಬಂಗಾರದ ಅಂಗಡಿಯವನನ್ನೂ ನೆನೆಸಿಕೊಳ್ಳಿ. ಸಂತೆಯವನದ್ದು ಸಣ್ಣ ಬಂಡವಾಳ, ಬೆಳಿಗ್ಗೆ ಹಾಕಿದ ದುಡ್ಡು ಸಂಜೆಗೆ ವಾಪಸ್. ಅಂಗಡಿಯವನದ್ದು ದೊಡ್ಡ ಬಂಡವಾಳ, ನಿಧಾನದ ವ್ಯಾಪಾರ. ಎರಡೂ ನಡೆಯುತ್ತವೆ. ಕೇಓಡಾ ಸಂತೆಯವನ ಕಡೆ, ಬ್ರುಗೀರ ಅಂಗಡಿಯವನ ಕಡೆ. 2004ರಲ್ಲಿ ಜಗತ್ತಿನ 175 ಜಾಗಗಳ 2,548 ಜಾತಿ ಗಿಡಗಳ ಎಲೆ ಮಾಹಿತಿ ಒಟ್ಟು ಹಾಕಿ ನೋಡಿದಾಗ, ಎಲ್ಲ ಗಿಡಗಳೂ ಈ ಎರಡು ತುದಿಗಳ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತವೆ ಅಂತ ತಿಳಿಯಿತು. ಕಾಂಡ್ಲಾವೂ ಹಾಗೇ.

ಎರಡು ಎಲೆ ಕೈಯಲ್ಲಿ ಹಿಡಿದ್ರೆ ವ್ಯತ್ಯಾಸ ಗೊತ್ತಾಗುತ್ತಾ?

ಚೆನ್ನಾಗಿ ಗೊತ್ತಾಗುತ್ತದೆ. ಬ್ರುಗೀರದ ಎಲೆ ದಪ್ಪ, ಮೇಲ್ಭಾಗ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಅಡಿಭಾಗ ಮಂಕು. ಮಡಚಿದರೆ ಟಕ್ ಅಂತ ಮುರಿಯುತ್ತದೆ. ಜಗಿದು ನೋಡಿದರೆ ನಾಲಿಗೆ ಹಿಡಿದುಕೊಳ್ಳುವಷ್ಟು ಒಗರು. ಇದೇ ಕುಟುಂಬದ ಮರಗಳ ತೊಗಟೆಯ ಒಗರಿನಿಂದಲೇ ಹಿಂದೆ ಚರ್ಮ ಹದ ಮಾಡುತ್ತಿದ್ದರು, ಬಲೆಗೆ ಬಣ್ಣ ಕೊಡುತ್ತಿದ್ದರು.

ಕೇಓಡಾ ಎಲೆ ಕಿರಿದು, ಉದ್ದ. ಐದರಿಂದ ಹದಿಮೂರು ಸೆಂಟಿಮೀಟರ್. ಜೋಲುವ ರೆಂಬೆಯಲ್ಲಿ ನೇತಾಡುತ್ತಿರುತ್ತದೆ, ದೂರದಿಂದ ನೀಲಗಿರಿ ಮರದ ನೆನಪಾಗುತ್ತದೆ. ಎರಡೂ ಬದಿಯ ಬಣ್ಣ ಹೆಚ್ಚುಕಮ್ಮಿ ಒಂದೇ. ಮುಟ್ಟಿದರೆ ಮೆತ್ತಗೆ, ಮಡಚಿದರೆ ಬಾಗುತ್ತದೆ. ಲಗುಂಕುಲೇರಿಯದ ಎಲೆ ಮೊಟ್ಟೆಯಾಕಾರ, ತುಸು ರಸಭರಿತ. ಅದರ ತೊಟ್ಟು ನೋಡಿ. ಕೆಂಪಗಿರುತ್ತದೆ, ಎಲೆ ಶುರುವಾಗುವ ಕಡೆ ಅಕ್ಕಪಕ್ಕ ಎರಡು ಪುಟ್ಟ ಗಂಟು. ಅದನ್ನು ಗುರುತಿಸಲು ಅಷ್ಟು ಸಾಕು.

ಎಸ್‌ಎಲ್‌ಎ ಎಸ್‌ಎಲ್‌ಎ ಅಂತಾರಲ್ಲ, ಅದೇನು?

ಸ್ಪೆಸಿಫಿಕ್ ಲೀಫ್ ಏರಿಯಾ ಅನ್ನುವುದರ ಚಿಕ್ಕ ಹೆಸರು. ಒಂದು ಗ್ರಾಂ ಒಣ ಎಲೆಯಿಂದ ಎಷ್ಟು ಅಗಲದ ಎಲೆ ಸಿಗುತ್ತದೆ ಅನ್ನುವ ಲೆಕ್ಕ. ಉದಾಹರಣೆಗೆ, 10 ಚದರ ಸೆಂಟಿಮೀಟರ್ ಎಲೆ ಒಣಗಿದ ಮೇಲೆ 0.1 ಗ್ರಾಂ ತೂಗಿದರೆ, ಗ್ರಾಮಿಗೆ 100 ಚದರ ಸೆಂಟಿಮೀಟರ್. ಅಷ್ಟೇ ಅಗಲದ ಇನ್ನೊಂದು ಎಲೆ 0.2 ಗ್ರಾಂ ತೂಗಿದರೆ, ಗ್ರಾಮಿಗೆ 50.

ಮೊದಲ ಮರಕ್ಕೆ ಅದೇ ಸಾಮಾನಿನಲ್ಲಿ ಬಿಸಿಲು ಹಿಡಿಯುವ ಜಾಗ ಎರಡರಷ್ಟು. ಸಸಿ ಇದ್ದಾಗ ಈ ವ್ಯತ್ಯಾಸ ಚಕ್ರಬಡ್ಡಿಯಾಗಿ ಬೆಳೆಯುತ್ತದೆ. ಈ ತಿಂಗಳ ಹೆಚ್ಚುವರಿ ಸಕ್ಕರೆ ಮುಂದಿನ ತಿಂಗಳ ಹೆಚ್ಚುವರಿ ಎಲೆ. ಕೇಓಡಾದ ಓಟದ ಗುಟ್ಟಿನಲ್ಲಿ ಇದು ದೊಡ್ಡದು ಅಂತ ನನ್ನ ಅಭಿಪ್ರಾಯ. ಒಂದು ಎಚ್ಚರಿಕೆ: ಕಾಂಡ್ಲಾ ಎಲೆಯ ಒಣ ತೂಕದಲ್ಲಿ ಉಪ್ಪೂ ಸೇರಿರುತ್ತದೆ. ಉಪ್ಪು ಕಳೆಯದೆ ಎರಡು ಜಾತಿಗಳನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಎಲೆಗೆ "ಖರ್ಚು" ಅಂತ ಹೇಗೆ ಲೆಕ್ಕ ಹಾಕ್ತಾರೆ? ಮರಕ್ಕೇನು ಬಿಲ್ ಬರುತ್ತಾ?

ಬಿಲ್ ಸಕ್ಕರೆಯಲ್ಲಿ. ಒಂದು ಗ್ರಾಂ ಎಲೆ ಕಟ್ಟಲು ಎಷ್ಟು ಗ್ರಾಂ ಗ್ಲೂಕೋಸ್ ಬೇಕಾಯಿತು ಅನ್ನುವುದು ಅಳತೆ. ಎಲೆಯಲ್ಲಿ ಏನೇನಿದೆ ಅನ್ನುವುದರ ಮೇಲೆ ಅದು ನಿಂತಿದೆ. ನಾರಿನ ಸೆಲ್ಯುಲೋಸ್ ಒಂದು ಗ್ರಾಮಿಗೆ ಸುಮಾರು 1.2 ಗ್ರಾಂ ಗ್ಲೂಕೋಸ್. ಮರವನ್ನು ಗಟ್ಟಿ ಮಾಡುವ ಲಿಗ್ನಿನ್‌ಗೆ ಸುಮಾರು 2.1. ಮೇಣ, ಎಣ್ಣೆಗೆ ಹತ್ತಿರ ಹತ್ತಿರ 3. ಪ್ರೋಟೀನ್ ಕೂಡ ದುಬಾರಿ. ಖನಿಜ, ಉಪ್ಪಿಗೆ ಗ್ಲೂಕೋಸ್ ಬಿಲ್ ಇಲ್ಲವೇ ಇಲ್ಲ ಅನ್ನಬಹುದು.

ಪ್ರಯೋಗಾಲಯದಲ್ಲಿ ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಆಮ್ಲಜನಕ ತುಂಬಿದ ಗಟ್ಟಿ ಪಾತ್ರೆಯಲ್ಲಿ ಸುಡುತ್ತಾರೆ. ಎಷ್ಟು ಶಾಖ ಬಂತು, ಎಷ್ಟು ಬೂದಿ ಉಳಿಯಿತು, ಸಾರಜನಕ ಎಷ್ಟಿತ್ತು, ಈ ಮೂರರಿಂದ ಖರ್ಚು ಸಿಗುತ್ತದೆ. ದಪ್ಪ ಮೇಣದ ಪದರ, ಒಗರು, ಲಿಗ್ನಿನ್ ತುಂಬಿದ ಎಲೆ ಹೆಚ್ಚು ಶಾಖ ಕೊಡುತ್ತದೆ. ಅಂದರೆ ಅದನ್ನು ಕಟ್ಟಲು ಹೆಚ್ಚು ಸಕ್ಕರೆ ಹೋಗಿದೆ.

ಇಲ್ಲಿ ಒಂದು ಜಾಣತನ ಗಮನಿಸಿ. ಸೊನರೇಷಿಯ, ಲಗುಂಕುಲೇರಿಯದಂಥ ಮರಗಳು ಎಲೆಯನ್ನು ಉಪ್ಪುನೀರಿನಿಂದ ಉಬ್ಬಿಸಿಕೊಳ್ಳುತ್ತವೆ. ಎಲೆ ಮುಟ್ಟಲು ತುಂಬಿಕೊಂಡಂತೆ ಇರುತ್ತದೆ, ಆದರೆ ತುಂಬಿದ್ದು ಪುಕ್ಕಟೆ ನೀರು.

ಸಾರಜನಕ ಜಾಸ್ತಿ ಇದ್ರೆ ಬೆಳವಣಿಗೆ ಜಾಸ್ತಿ, ಅಷ್ಟೇ ತಾನೇ?

ಅರ್ಧ ಸರಿ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆ ದಾರಿಗೆ ಹಚ್ಚುವ ರುಬಿಸ್ಕೊ ಅನ್ನುವ ಪ್ರೋಟೀನ್‌ಗೆ ಸಾರಜನಕ ಬೇಕೇ ಬೇಕು. ಹಾಗಾಗಿ ಸಾರಜನಕ ಹೆಚ್ಚಿರುವ ಎಲೆ ಸಾಮಾನ್ಯವಾಗಿ ಹೆಚ್ಚು ದುಡಿಯುತ್ತದೆ.

ಆದರೆ ಆ ಸಾರಜನಕವನ್ನು ಎಲ್ಲಿ ಹಾಕಿದೆ ಅನ್ನುವುದು ಇನ್ನೂ ಮುಖ್ಯ. ಗಟ್ಟಿ ಎಲೆಯಲ್ಲಿ ಒಂದು ಪಾಲು ಜೀವಕೋಶದ ಗೋಡೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಮೆತ್ತನೆ ಎಲೆಯಲ್ಲಿ ಹೆಚ್ಚು ಪಾಲು ದುಡಿಮೆಗೆ ಸಿಗುತ್ತದೆ. ಒಂದೇ ಪ್ರಮಾಣದ ಸಾರಜನಕದಿಂದ ಯಾರು ಜಾಸ್ತಿ ಸಕ್ಕರೆ ಮಾಡುತ್ತಾರೆ ಅನ್ನುವ ಈ ಅಳತೆಯಲ್ಲಿ ಬೇಗ ಬೆಳೆಯುವ ಮರಗಳು ಮುಂದೆ ಇರುತ್ತವೆ. ದಕ್ಷಿಣ ಚೀನಾದ ಹೊಳೆಬಾಯಿಗಳಿಗೆ ಊರಿನ ಕೊಳಚೆ, ಸೀಗಡಿ ಕೆರೆಯ ನೀರು, ಹೊಲದ ಗೊಬ್ಬರ ಎಲ್ಲ ಬಂದು ಸೇರುತ್ತದೆ. ಸಾರಜನಕಕ್ಕೆ ಬರವಿಲ್ಲದ ಜಾಗದಲ್ಲಿ ಹೊಟ್ಟೆಬಾಕ ಮರಕ್ಕೆ ಹಬ್ಬ ಅಲ್ವಾ?

ಇದರ ಎಲೆ ಎರಡೂ ಬದಿಯಿಂದ ಉಸಿರಾಡುತ್ತೆ ಅಂತ ಕೇಳಿದ್ದೆ, ಹೌದಾ?

ಹೌದು. ರೈಜೊಫೊರ, ಬ್ರುಗೀರ, ಕಾಂಡೇಲಿಯ ಎಲೆಗಳಲ್ಲಿ ಪತ್ರರಂಧ್ರ ಇರುವುದು ಕೆಳಗಡೆ ಮಾತ್ರ. ಮೇಲ್ಭಾಗದಲ್ಲಿ ದಪ್ಪ ಮೇಣ, ಅದರಡಿ ನೀರು ಕೂಡಿಡುವ ಪದರ, ಆಮೇಲೆ ಹಸಿರು ಕಂಬಗಳ ಸಾಲಿನಂಥ ದುಡಿಯುವ ಕೋಶಗಳು. ಗಾಳಿ ಕೆಳಗಿನಿಂದ ಬಂದು ಅಷ್ಟು ದೂರ ಹೋಗಬೇಕು.

ಕೇಓಡಾ, ಲಗುಂಕುಲೇರಿಯ ಎರಡರಲ್ಲೂ ಎರಡೂ ಬದಿ ರಂಧ್ರ, ಎರಡೂ ಬದಿ ಕಂಬಗಳ ಸಾಲು. ನೀರು ಕೂಡಿಡುವ ಜಾಗ ಮಧ್ಯದಲ್ಲಿ. ಗಾಳಿಗೆ ದಾರಿ ಅರ್ಧಕ್ಕರ್ಧ ಕಡಿಮೆ. ಮೇಲಾಗಿ ಕೇಓಡಾ ಎಲೆ ನೇತಾಡುವುದರಿಂದ ಬೆಳಿಗ್ಗೆ ಒಂದು ಮುಖಕ್ಕೆ, ಮಧ್ಯಾಹ್ನದ ಮೇಲೆ ಇನ್ನೊಂದು ಮುಖಕ್ಕೆ ಬಿಸಿಲು. ನೆತ್ತಿಯ ಸುಡುಬಿಸಿಲು ನೇರ ಬೀಳುವುದಿಲ್ಲ, ಎಲೆ ಅಷ್ಟಾಗಿ ಕಾಯುವುದಿಲ್ಲ. ಬೆಳಕು ಎಲೆಗಳ ನಡುವೆ ಸೋರಿ ಕೆಳಗಿನ ರೆಂಬೆಗೂ ಸಿಗುತ್ತದೆ.

ಆದರೆ ನಮ್ಮ ಹೊಳೆಬಾಯಿಯ ಸೊನರೇಷಿಯ ಆಲ್ಬದ ಎಲೆಯೂ ಹೀಗೇ ಎರಡು ಮುಖದ್ದು. ಅದು ಚೀನಾದಲ್ಲಿ ಸ್ಥಳೀಯ ಮರ! ಹಾಗಾಗಿ ಇದು ಸೊನರೇಷಿಯ ಕುಲದ ಗುಣ. ಪರದೇಶದಿಂದ ಬಂದಿದ್ದಕ್ಕೆ ಹುಟ್ಟಿಕೊಂಡ ಗುಣ ಅಂತ ತಿಳಿಯಬಾರದು.

ಉಪ್ಪುನೀರಲ್ಲಿ ನಿಂತು ಹೀಗೆ ರಂಧ್ರ ತೆರೆದಿಟ್ರೆ ಮರ ಒಣಗಲ್ವಾ?

ಇದೇ ಅದರ ದುರ್ಬಲ ಜಾಗ. ರಂಧ್ರ ತೆರೆದರೆ ಇಂಗಾಲ ಒಳಗೆ ಬರುತ್ತದೆ, ನೀರು ಹೊರಗೆ ಹೋಗುತ್ತದೆ. ಸಮುದ್ರದ ನೀರಿನಿಂದ ಸಿಹಿನೀರು ಎಳೆಯುವುದು ಭಾರೀ ಕಷ್ಟದ ಕೆಲಸ. ಜೋರಾಗಿ ಎಳೆದರೆ ಕಾಂಡದ ನೀರಿನ ಕೊಳವೆಗಳಲ್ಲಿ ಗಾಳಿಗುಳ್ಳೆ ಸಿಕ್ಕಿ ದಾರಿ ಕಟ್ಟಿಹೋಗಬಹುದು.

ಒಂದೊಂದು ಮರದ್ದು ಒಂದೊಂದು ದಾರಿ. ರೈಜೊಫೊರ ಉಪ್ಪನ್ನು ಬೇರಲ್ಲೇ ಬಹುಪಾಲು ತಡೆಯುತ್ತದೆ, ನೀರನ್ನು ಜಿಪುಣತನದಿಂದ ಬಳಸುತ್ತದೆ. ಅವಿಸೆನಿಯ, ಈಜಿಸೆರಾಸ್ ಎಲೆಯ ಗ್ರಂಥಿಗಳಿಂದ ಉಪ್ಪನ್ನು ಹೊರಹಾಕುತ್ತವೆ. ಬೇಸಿಗೆ ಮಧ್ಯಾಹ್ನ ಅವಿಸೆನಿಯ ಎಲೆ ನೆಕ್ಕಿ ನೋಡಿ, ಉಪ್ಪಿನ ಹರಳು ನಾಲಿಗೆಗೆ ತಾಗುತ್ತದೆ. ಕೇಓಡಾ ಹಾಗಲ್ಲ. ಅದು ಎಲೆಯಲ್ಲಿ ಉಪ್ಪು ತುಂಬಿಕೊಂಡು, ನೀರಿನಿಂದ ತೆಳುವಾಗಿಸಿ, ಹಳೆ ಎಲೆ ಉದುರಿಸಿ ಸಂಭಾಳಿಸುತ್ತದೆ. ಅದಕ್ಕೇ ಹೊಳೆಯ ಸಿಹಿನೀರು ಬಂದು ಸೇರುವ, ಉಪ್ಪು ಕಡಿಮೆ ಇರುವ ಕೆಸರಲ್ಲಿ ಅದರ ಓಟ. ಉಪ್ಪು ಏರಿದ ಹಾಗೆ ಓಟ ಕುಂಟುತ್ತದೆ, ಹಿಂದೆ ಬಿದ್ದ ಸ್ಥಳೀಯ ಮರಗಳು ಸಮಕ್ಕೆ ಬರುತ್ತವೆ.

## ತಕರಾರಿನ ಪ್ರಶ್ನೆಗಳು

ಅಗ್ಗದ ಎಲೆಯಿಂದ ಇಷ್ಟು ಲಾಭ ಇದ್ರೆ, ಉಳಿದ ಮರಗಳು ಯಾಕೆ ದುಬಾರಿ ಎಲೆ ಮಾಡ್ತವೆ?

ಬಾಳಿಕೆಗಾಗಿ. ದಪ್ಪ ಎಲೆ ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬಾಳುತ್ತದೆ. ದಿನಕ್ಕೆ ಕಡಿಮೆ ದುಡಿದರೂ ಒಟ್ಟು ಲೆಕ್ಕದಲ್ಲಿ ನಷ್ಟವಿಲ್ಲ. ಗೊಬ್ಬರ ಕಡಿಮೆ, ಉಪ್ಪು ಜಾಸ್ತಿ, ನೆರಳು ಇರುವ ಕಡೆ ಆಗಾಗ ಎಲೆ ಉದುರಿಸಿ ಹೊಸದು ಮಾಡುವುದೇ ದಂಡ. ಎಲೆ ಉದುರಿದಾಗ ಒಂದಷ್ಟು ಸಾರಜನಕ ಅದರ ಜೊತೆಗೇ ಹೋಗುತ್ತದೆ. ಮರ ಎಲೆ ಹಳದಿಯಾಗುವಾಗ ಒಂದು ಪಾಲನ್ನು ವಾಪಸ್ ಎಳೆದುಕೊಳ್ಳುತ್ತದೆ, ಪೂರ್ತಿ ಅಲ್ಲ.

ಹಾಗಾಗಿ "ಯಾವ ಎಲೆ ಒಳ್ಳೆಯದು?" ಅನ್ನುವ ಪ್ರಶ್ನೆಗೆ ಜಾಗ ಹೇಳದೆ ಉತ್ತರ ಇಲ್ಲ. ಬಯಲು, ಬಿಸಿಲು, ಫಲವತ್ತು ಕೆಸರು ಕೊಟ್ಟರೆ ಅಗ್ಗದ ಎಲೆ ಗೆಲ್ಲುತ್ತದೆ. ಚೀನಾದಲ್ಲಿ ನೆಡಲು ಸಿಕ್ಕಿದ್ದು ಬಹುಪಾಲು ಇಂಥ ಜಾಗವೇ.

ಅಷ್ಟು ಮೆತ್ತನೆ ಎಲೆಯನ್ನ ಹುಳ ತಿನ್ನಲ್ವಾ?

ತವರಲ್ಲಿ ಚೆನ್ನಾಗಿ ತಿನ್ನುತ್ತವೆ, ಹುಳ ಮಾತ್ರ ಅಲ್ಲ. ಸುಂದರಬನದಲ್ಲಿ ಚುಕ್ಕೆ ಜಿಂಕೆಗೆ ಕೇಓಡಾ ಎಲೆ ಅಂದರೆ ಪ್ರಾಣ. ಮಂಗಗಳು ಮೇಲೆ ಕೂತು ಎಲೆ, ಕಾಯಿ ಕೆಡವುತ್ತವೆ, ಜಿಂಕೆಗಳು ಕೆಳಗೆ ನಿಂತು ಕಾಯುತ್ತವೆ. ಹುಳಿ ಕಾಯಿಂದ ಅಲ್ಲಿನ ಜನ ಉಪ್ಪಿನಕಾಯಿ, ಚಟ್ನಿ ಮಾಡುತ್ತಾರೆ. ಬಾಂಗ್ಲಾದೇಶ 1960ರ ದಶಕದಿಂದ ಕರಾವಳಿಯ ಹೊಸ ಕೆಸರುದಿಬ್ಬಗಳಲ್ಲಿ ಇದೇ ಮರವನ್ನು ಎಲ್ಲಕ್ಕಿಂತ ಹೆಚ್ಚಾಗಿ ನೆಡುತ್ತ ಬಂದಿದೆ. ಅಲ್ಲಿ ಕಾಂಡ ಕೊರೆಯುವ ಜ್ಯೂಜೆರ ಅನ್ನುವ ಪತಂಗದ ಹುಳ ದೊಡ್ಡ ಪೀಡೆ.

ಬೀಜದ ಜೊತೆ ಜಿಂಕೆಯೂ ಹೋಗಲಿಲ್ಲ, ಆ ಹುಳವೂ ಹೋಗಲಿಲ್ಲ. ಹೊಸ ಊರಲ್ಲಿ ಹಳೇ ಶತ್ರುಗಳಿಲ್ಲದಿದ್ದರೆ ರಕ್ಷಣೆಗೆ ಖರ್ಚು ಮಾಡದ ಮರಕ್ಕೆ ಅನುಕೂಲವೇ. ಆದರೆ ಈ ಅನುಕೂಲ ಕಾಯಂ ಅಲ್ಲ. ಚೀನಾದಲ್ಲೂ ಸ್ಥಳೀಯ ಪತಂಗದ ಹುಳಗಳು ಕೇಓಡಾ ಎಲೆಗೆ ಬಾಯಿ ಹಾಕಲು ಕಲಿತಿವೆ.

ಮೊಲ ಆಮೆ ಓಟ ಇಟ್ಟು ಮೊಲ ಗೆದ್ದಿತು ಅನ್ನೋ ಹಾಗಿದೆ. ಈ ಹೋಲಿಕೆ ನ್ಯಾಯವಾ?

ಪೂರ್ತಿ ನ್ಯಾಯ ಅಲ್ಲ. ಈ ಪುಟದಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆಯೂ ಇದೇ.

ಕೇಓಡಾ ತನ್ನ ತವರಲ್ಲೂ ಮುಂದಾಳು ಮರ. ಹೊಳೆ ಹೊಸ ಕೆಸರು ತಂದು ಹಾಕಿದಲ್ಲಿ ಮೊದಲು ಹತ್ತುವುದು ಅದು. ದಿಬ್ಬ ಎತ್ತರವಾಗಿ ಗಟ್ಟಿಯಾದ ಮೇಲೆ ಬೇರೆ ಮರಗಳಿಗೆ ಜಾಗ ಬಿಡುತ್ತದೆ. ಅದನ್ನು ಬ್ರುಗೀರದ ಪಕ್ಕ ನಿಲ್ಲಿಸಿದರೆ, ನಾವು ಹೋಲಿಸುತ್ತಿರುವುದು ಮೊದಲು ಬರುವ ಮರವನ್ನು ಕೊನೆಗೆ ಬರುವ ಮರದ ಜೊತೆ. ಹೊರಗಿನದು ಒಳಗಿನದು ಅನ್ನುವ ವ್ಯತ್ಯಾಸ ಅದರಲ್ಲಿ ಬೆರೆತುಹೋಗುತ್ತದೆ.

ಸರಿಯಾದ ಹೋಲಿಕೆ ಅಂದರೆ ಒಂದೇ ಕುಲದ, ಒಂದೇ ಥರದ ಬದುಕಿನ ಮರಗಳದ್ದು. ಕೇಓಡಾವನ್ನು ಹೈನಾನ್‌ನ ಸ್ಥಳೀಯ ಸೊನರೇಷಿಯಗಳ ಜೊತೆ ಇಟ್ಟು ನೋಡಬೇಕು. ಆಗ ಎಲೆಯ ಅಂತರ ಬಹಳ ಕಿರಿದಾಗುತ್ತದೆ. ಇನ್ನೊಂದು: ಜನ ಹೊರಗಿನಿಂದ ಮರ ತರುವಾಗ ಚೀಟಿ ಎತ್ತಿ ತರುವುದಿಲ್ಲ. ಬೇಗ ಬೆಳೆಯುವುದನ್ನೇ ಹುಡುಕಿ ತರುತ್ತಾರೆ. ಆಮೇಲೆ "ಹೊರಗಿನವು ಬೇಗ ಬೆಳೆಯುತ್ತವೆ" ಅಂತ ಕಂಡುಹಿಡಿಯುತ್ತೇವೆ!

ಹವಾಯಿಯಲ್ಲೂ ಇದೇ ಕತೆನಾ?

ಅಲ್ಲಿನ ಕತೆ ಉಲ್ಟಾ. ಹವಾಯಿ ದ್ವೀಪಗಳಲ್ಲಿ ಕಾಂಡ್ಲಾ ಮರವೇ ಇರಲಿಲ್ಲ. 1902ರಲ್ಲಿ ಮೊಲೊಕಾಯ್ ದ್ವೀಪದಲ್ಲಿ ಅಮೆರಿಕನ್ ಶುಗರ್ ಕಂಪನಿ ಕೆಸರು ತಡೆಯಲು ರೈಜೊಫೊರ ಮ್ಯಾಂಗಲ್ ನೆಟ್ಟಿತು. ಈಗ ಅದು ದ್ವೀಪದಿಂದ ದ್ವೀಪಕ್ಕೆ ಹಬ್ಬಿದೆ. ಹಳೆಯ ಕಲ್ಲಿನ ಮೀನುಕೆರೆಗಳಲ್ಲಿ ತುಂಬಿಕೊಂಡಿದೆ, ಉದ್ದ ಕಾಲಿನ ನೀರುಹಕ್ಕಿಗಳಿಗೆ ಬೇಕಾದ ಬಯಲು ಕೆಸರನ್ನು ಮುಚ್ಚಿದೆ. ಕೆಲವು ಕಡೆ ಬಹಳ ಖರ್ಚು ಮಾಡಿ ಕಿತ್ತು ತೆಗೆಯುತ್ತಿದ್ದಾರೆ.

ರೈಜೊಫೊರದ ಎಲೆ ದಪ್ಪ, ಒಗರು, ದುಬಾರಿ. ಅಗ್ಗದ ಎಲೆ ಇಲ್ಲದೆಯೂ ಅದು ಗೆದ್ದಿತು. ಯಾಕೆಂದರೆ ಅಲ್ಲಿ ಆ ಉಪ್ಪುಕೆಸರಲ್ಲಿ ಪೈಪೋಟಿಗೆ ನಿಲ್ಲುವ ಮರವೇ ಇರಲಿಲ್ಲ. ಅದರ ಕೋಡನ್ನು ತಿಂದುಹಾಕುವ ಏಡಿ, ಕೊರೆಯುವ ಹುಳ ತೀರಾ ಕಡಿಮೆ. ಎಲೆ ನೋಡಿ ಯಾವ ಮರ ಹಬ್ಬುತ್ತದೆ ಅಂತ ಭವಿಷ್ಯ ಹೇಳುವವರಿಗೆ ಈ ಉದಾಹರಣೆ ಕೊಡಿ.

ಹಾಗಾದ್ರೆ ಸ್ಥಳೀಯ ಮರಗಳು ಮುಗಿದೇ ಹೋಗ್ತವಾ?

ಜಾಗ ನೋಡಿ ಹೇಳಬೇಕು. ಕೇಓಡಾ ಸಸಿಗೆ ಬೆಳಕು ಬೇಕೇ ಬೇಕು. ತನ್ನ ತಾಯಿಮರದ ನೆರಳಲ್ಲೇ ಅದು ಏಳುವುದಿಲ್ಲ. ದುಬಾರಿ ಎಲೆಯ ಕಾಂಡೇಲಿಯ, ಈಜಿಸೆರಾಸ್, ಬ್ರುಗೀರ ಸಸಿಗಳು ನೆರಳನ್ನು ತಾಳಿಕೊಳ್ಳುತ್ತವೆ. ಹಾಗಾಗಿ ಹಳೆಯ ಕೇಓಡಾ ತೋಪುಗಳ ಅಡಿಯಲ್ಲಿ ಸ್ಥಳೀಯ ಸಸಿಗಳು ಎದ್ದಿರುವುದನ್ನು ಕಾಣಬಹುದು. ಇದನ್ನೇ ಹಿಡಿದು "ಇದು ದಾದಿ ಮರ" ಅನ್ನುವವರಿದ್ದಾರೆ.

ಆದರೆ ಅಂಚಿನ ಕಡೆ, ಬಯಲು ಕೆಸರಿನ ಕಡೆ ಅದರ ಬೀಜ ತೇಲಿ ಹೋಗಿ ಹತ್ತುತ್ತದೆ. ಶೆನ್ಝೆನ್‌ನ ಫುತಿಯಾನ್‌ನಲ್ಲಿ ನೆಟ್ಟದ್ದು ಕೊಲ್ಲಿ ದಾಟಿ ಹಾಂಗ್‌ಕಾಂಗ್ ಬದಿಯಲ್ಲಿ ಮೊಳೆಯಿತು. ಅಲ್ಲಿನ ಮಾಯ್ ಪೊ ಕೆಸರುಬಯಲು ಕಪ್ಪುಮುಖದ ಚಮಚಕೊಕ್ಕಿನಂಥ ವಲಸೆ ಹಕ್ಕಿಗಳ ಚಳಿಗಾಲದ ಮನೆ. ಬಯಲಲ್ಲಿ ಮರ ಎದ್ದರೆ ಹಕ್ಕಿಗೆ ಜಾಗ ಇಲ್ಲ. ಅದಕ್ಕೇ ಸಸಿಗಳನ್ನು ಕಿತ್ತು ತೆಗೆಯುತ್ತಾರೆ. ಚೀನಾ ಸರ್ಕಾರದ 2020ರಿಂದ 2025ರ ಕಾಂಡ್ಲಾ ಯೋಜನೆಯ ಗುರಿ 18,800 ಹೆಕ್ಟೇರ್. ಅದರಲ್ಲಿ 9,050 ಹೊಸದಾಗಿ ನೆಡಲು, 9,750 ಇರುವ ಕಾಡನ್ನು ಸರಿಪಡಿಸಲು. ಸ್ಥಳೀಯ ಜಾತಿಗೇ ಮೊದಲ ಮಣೆ ಅಂತ ಅದರಲ್ಲಿದೆ. ಆರಂಭದ ಉತ್ಸಾಹ ತಣ್ಣಗಾಗಿದೆ ಅಂತಲೇ ಅರ್ಥ.

ಚಳಿಗೆ ತಡೆಯುತ್ತಾ?

ಅಷ್ಟಾಗಿ ಇಲ್ಲ. 2008ರ ಶುರುವಿನಲ್ಲಿ ದಕ್ಷಿಣ ಚೀನಾದಲ್ಲಿ ಕೊರೆಯುವ ಚಳಿ ವಾರಗಟ್ಟಲೆ ನಿಂತಿತು. ಬಿಸಿ ನಾಡಿನ ಕರಾವಳಿಯ ಜಾತಿಗಳಿಗೆ ದೊಡ್ಡ ಪೆಟ್ಟು ಬಿತ್ತು. ಗಟ್ಟಿಯಾಗಿ ನಿಂತದ್ದು ಕಾಂಡೇಲಿಯ ಒಬೊವಾಟ. ಉತ್ತರದ ಝೆಜಿಯಾಂಗ್‌ವರೆಗೂ ನೆಡಬಹುದಾದ ಮರ ಅದು. ಬೇಗ ಬೆಳೆಯುವ ಮೆತ್ತನೆ ಎಲೆಗೂ ಚಳಿಗೂ ಆಗಿಬರುವುದಿಲ್ಲ.

ಬೇಗ ಬೆಳೆದ್ರೆ ಇಂಗಾಲ ಜಾಸ್ತಿ ಹಿಡಿಯುತ್ತೆ, ಒಳ್ಳೇದೇ ಅಲ್ವಾ?

ಮೊದಲ ಒಂದೆರಡು ದಶಕ ನೆಲದ ಮೇಲಿನ ಲೆಕ್ಕದಲ್ಲಿ ಹೌದು. ಆದರೆ ಕೇಓಡಾ ಮರ ಹಗುರ, ರೈಜೊಫೊರದ ಮರ ಕಬ್ಬಿಣದ ಹಾಗೆ ಭಾರ. ಒಂದೇ ಗಾತ್ರದ ಕಾಂಡದಲ್ಲಿ ಇಂಗಾಲ ಒಂದೇ ಅಲ್ಲ. ಮೇಲಾಗಿ ಕಾಂಡ್ಲಾ ಕಾಡಿನ ಇಂಗಾಲದ ದೊಡ್ಡ ಪಾಲು ಮರದಲ್ಲಿ ಇಲ್ಲ, ಕೆಸರಲ್ಲಿದೆ. ಮೆತ್ತನೆ ಎಲೆ ಉದುರಿದರೆ ಬೇಗ ಕೊಳೆಯುತ್ತದೆ, ಏಡಿಗಳಿಗೂ ಅದು ರುಚಿ. ಒಗರು, ಲಿಗ್ನಿನ್ ತುಂಬಿದ ಎಲೆ ಕೆಸರಲ್ಲಿ ಹೂತು ಬಹುಕಾಲ ಉಳಿಯುತ್ತದೆ. ಎತ್ತರ ಅಳೆದು ಇಂಗಾಲದ ಲೆಕ್ಕ ಹೇಳುವ ಫಲಕಗಳನ್ನು ನಾನಂತೂ ನಂಬುವುದಿಲ್ಲ.

## ನಮ್ಮ ಕಡೆಯ ಪ್ರಶ್ನೆಗಳು

ನಾವೇ ಎಲೆ ಅಳೆದು ನೋಡಬಹುದಾ? ಶಾಲೆ ಮಕ್ಕಳ ಕೈಲಿ ಮಾಡಿಸೋಣ ಅಂತಿದೀವಿ.

ಧಾರಾಳವಾಗಿ. ಆದರೆ ಕಾಂಡ್ಲಾ ಕಾಡು ಕರಾವಳಿ ನಿಯಂತ್ರಣ ವಲಯದಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಜಾಗ. ಅರಣ್ಯ ಇಲಾಖೆಯವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಇಳಿತದ ಹೊತ್ತು ನೋಡಿಕೊಂಡು ಹೋಗಿ.

ಬಿಸಿಲಿಗೆ ತೆರೆದ ರೆಂಬೆಯಲ್ಲಿ ತುದಿಯಿಂದ ಮೂರನೇ ಅಥವಾ ನಾಲ್ಕನೇ ಜೋಡಿ ಎಲೆ ತೆಗೆದುಕೊಳ್ಳಿ. ತೀರಾ ಎಳೆಯದೂ ಬೇಡ, ಹಳದಿ ತಿರುಗಿದ್ದೂ ಬೇಡ. ಒಂದು ಜಾತಿಯ ನಾಲ್ಕೈದು ಮರಗಳಿಂದ ಒಂದೆರಡು ಎಲೆ ಸಾಕು. ಮೇಲಿನ ಉಪ್ಪು ಹೋಗುವ ಹಾಗೆ ಸಿಹಿನೀರಲ್ಲಿ ತೊಳೆದು ಒರೆಸಿ. ತೊಟ್ಟು ಕತ್ತರಿಸಿ, ಎಲೆಯನ್ನು ಗ್ರಾಫ್ ಹಾಳೆ ಮೇಲಿಟ್ಟು ಸುತ್ತ ಗೆರೆ ಎಳೆದು ಚೌಕ ಎಣಿಸಿ. ಆಮೇಲೆ ಕಾಗದದ ಲಕೋಟೆಯಲ್ಲಿ ಹಾಕಿ ಒಣಗಿಸಿ. ಕಾಲೇಜಿನ ಓವನ್ ಸಿಕ್ಕಿದರೆ 70 ಡಿಗ್ರಿಯಲ್ಲಿ ಎರಡು ದಿನ. ತೂಕ ಇಳಿಯುವುದು ನಿಂತಾಗ ಒಣಗಿತು ಅಂತ ಅರ್ಥ. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಸಾಕು, ಆದರೆ ಎಲೆಗಳನ್ನು ಒಟ್ಟಿಗೆ ತೂಗಿ. ಅಗಲವನ್ನು ತೂಕದಿಂದ ಭಾಗಿಸಿ.

ಮಕ್ಕಳಿಗೆ ಅವಿಸೆನಿಯ, ರೈಜೊಫೊರ, ಸೊನರೇಷಿಯ ಮೂರನ್ನೂ ಕೊಡಿ. ಅಳೆಯುವ ಮೊದಲು ಯಾವುದು ಅಗ್ಗದ ಎಲೆ ಅಂತ ಊಹಿಸಲು ಹೇಳಿ. ಹಸಿ ಎಲೆ ದಪ್ಪಗಿದೆ ಅಂತ ಸೊನರೇಷಿಯ ಆಲ್ಬವನ್ನು ದುಬಾರಿ ಅನ್ನುವವರೇ ಜಾಸ್ತಿ ಇರುತ್ತಾರೆ. ಒಣಗಿಸಿದಾಗ ನೀರೆಲ್ಲ ಹೋಗಿ ಬಣ್ಣ ಬಯಲಾಗುತ್ತದೆ.

ಕೇಓಡಾ ನಮ್ಮ ದೇಶದಲ್ಲೂ ಇರೋ ಮರ ಅಂತ ಕೇಳಿದೀನಿ. ಹಾಗಾದ್ರೆ ಅಘನಾಶಿನಿ ದಡದಲ್ಲಿ ನೆಡೋಕೇನು ಅಡ್ಡಿ?

ಪಶ್ಚಿಮ ಬಂಗಾಳ, ಒಡಿಶಾ, ಕೃಷ್ಣಾ ಗೋದಾವರಿ ಮುಖಜ, ಮುಂಬೈ ಸುತ್ತಮುತ್ತ ಅದು ಇದೆ, ನಿಜ. ಆದರೆ ದೇಶದ ಗಡಿ ನಾವು ಎಳೆದದ್ದು. ಮರಕ್ಕೆ ಲೆಕ್ಕಕ್ಕೆ ಬರುವುದು ಹೊಳೆ, ಉಪ್ಪು, ಕೆಸರು.

ನಮ್ಮ ಹೊಳೆಗಳ ಬಾಯಿ ಸಣ್ಣದು, ಕೆಸರುಬಯಲು ಕಿರಿದು. ಅಘನಾಶಿನಿಯಲ್ಲಿ ಅದೇ ಬಯಲಲ್ಲಿ ಬಳಚು (ಚಿಪ್ಪುಮೀನು) ಹೆಕ್ಕಿ ಜೀವನ ಮಾಡುವವರಿದ್ದಾರೆ, ಪಕ್ಕದಲ್ಲೇ ಉಪ್ಪು ತಾಳುವ ಕಗ್ಗ ಭತ್ತದ ಗಜನಿ ಗದ್ದೆಗಳಿವೆ. ಬೇಗ ಬೆಳೆದು, ಮೂರು ವರ್ಷಕ್ಕೆ ಕಾಯಿ ಬಿಟ್ಟು, ತೇಲಿ ಹಬ್ಬುವ ಮರ ಬಯಲು ಮುಚ್ಚಿದರೆ ಮೊದಲು ಕಷ್ಟ ಅವರಿಗೆ. ಬೇಗ ಹಸಿರು ಕಾಣಬೇಕು ಅನ್ನುವುದೊಂದೇ ಕಾರಣವಾದರೆ ನನ್ನ ಉತ್ತರ ಬೇಡ ಅಂತ. ಮುಂದಾಳು ಮರವೇ ಬೇಕಿದ್ದರೆ ಸೊನರೇಷಿಯ ಆಲ್ಬ, ಅವಿಸೆನಿಯ ಇಲ್ಲೇ ಇವೆ. ಅವುಗಳ ಹಿಂದೆ, ದಡದ ಕಡೆ, ಮಳೆಗಾಲದಲ್ಲಿ ಉದುರುವ ರೈಜೊಫೊರದ ಕೋಡು ಆರಿಸಿ ಊರಬಹುದು. ಚೂಪು ತುದಿ ಕೆಳಗೆ, ಕೋಡಿನ ಮೂರನೇ ಒಂದು ಪಾಲು ಕೆಸರೊಳಗೆ.